ಬೆಂಗಳೂರು ಮೇಲೋ, ಮಂಗಳೂರು ಮೇಲೋ?

ಉಡುಪಿಯ ಹೋಟೆಲುಗಳಲ್ಲಿ ಈ ವಾದ ಮುಗಿಯುವುದುಂಟೇ? ಬೆಂಗಳೂರಿನಲ್ಲಿ ಕೆಲಸ ಉಂಟು, ಸಂಬಳ ಉಂಟು ಎನ್ನುತ್ತಾರೆ ಒಬ್ಬರು. ಮಂಗಳೂರಿನಲ್ಲಿ ಬಂದರು ಉಂಟು, ವಿಮಾನ ಉಂಟು, ಸಂಜೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಕಾಪುವಿನ ಮನೆಗೆ ಮುಟ್ಟಬಹುದು ಎನ್ನುತ್ತಾರೆ ಇನ್ನೊಬ್ಬರು. ಎರಡೂ ಸರಿಯೇ ಮಾರಾಯ್ರೆ.

ಆದರೆ ನಮ್ಮ ಗಂಟು ಎಲ್ಲಿ ಹೋಯಿತು? 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕಿನ ಪ್ರಧಾನ ಕಚೇರಿ ಮಂಗಳೂರಿಗೆ ಹೋಯಿತು. 1925ರಲ್ಲಿ ಇಲ್ಲೇ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 2020ರ ಎಪ್ರಿಲ್ 1ರಂದು ಬೆಂಗಳೂರಿನ ಕೆನರಾ ಬ್ಯಾಂಕಿನಲ್ಲಿ ಕರಗಿತು. ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಮುಂಬಯಿಯ ಯೂನಿಯನ್ ಬ್ಯಾಂಕಿನ ಪಾಲಾಯಿತು. ಕೆನರಾ ಬ್ಯಾಂಕಾದರೂ ಹುಟ್ಟಿದ್ದೆಲ್ಲಿ? ಮಂಗಳೂರಿನಲ್ಲೇ! ಅಂದರೆ ಉಡುಪಿಯಿಂದ ಪಡೆದ ಮಂಗಳೂರೂ ಕೊನೆಗೆ ಕಳಕೊಂಡದ್ದೇ.

ಶಾಖೆಗಳು ಇಲ್ಲಿವೆ, ನಿಜ. ದೊಡ್ಡ ತೀರ್ಮಾನಗಳು ಮಾತ್ರ ಹೊರಗೆ. ಕಾರ್ಕಳದ ಹುಡುಗ ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು ಬರುತ್ತಾನೆ, ಆದಿತ್ಯವಾರ ರಾತ್ರಿ ಮತ್ತೆ ಹತ್ತುತ್ತಾನೆ. ಮನೆಯಲ್ಲಿ ಉಳಿಯುವುದು ಮುದಿ ತಂದೆತಾಯಿ.

1997ರಲ್ಲಿ ಜಿಲ್ಲೆ ಬೇರೆ ಆಯಿತು. ಬೋರ್ಡು ಬದಲಾದರೆ ಸಾಕೇ? ಯಾವ ಊರು ಮೇಲು ಎಂಬ ಚರ್ಚೆ ಚಾ ಜೊತೆ ಇರಲಿ. ಇಲ್ಲಿ ಕಲಿತವರಿಗೆ ಇಲ್ಲೇ ಕೆಲಸ ಯಾವಾಗ ಎಂದು ಮಾತ್ರ ಓಟು ಕೇಳಲು ಬಂದವರನ್ನು ಕೇಳಿ.