ವೈದ್ಯರು ಕೇಳಬೇಕಾದ ಪ್ರಶ್ನೆ

ಮಂಗಳೂರಿಗೆ ಹೆಸರು ತಂದ ಮೂರು ದುಡಿಮೆಗಳೂ ಶ್ವಾಸಕೋಶವನ್ನು ಸವೆಸುವಂಥವು. 1860ರ ದಶಕದಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಹೆಂಚಿನ ಉದ್ಯಮದಲ್ಲಿ ಒಣಮಣ್ಣಿನ ದೂಳು. ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜ ಹುರಿಯುವಾಗ ಸಿಪ್ಪೆಯ ಎಣ್ಣೆ ಸುಟ್ಟು ಏಳುವ ಘಾಟು ಹೊಗೆ. ಬೀಡಿಯಲ್ಲಿ ಹೊಗೆಸೊಪ್ಪಿನ ಪುಡಿ.

ಬೀಡಿ ಕಟ್ಟುವವರಲ್ಲಿ ಹೆಚ್ಚಿನವರು ಹೆಂಗಸರು. ಕೆಲಸ ಮನೆಯಲ್ಲೇ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು. ಕಟ್ಟಿದ ಬೀಡಿ ಕಂಪನಿಯ ಬ್ರಾಂಚಿಗೆ ಹೋಗುತ್ತದೆ, ದೂಳು ಮನೆಯಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ಮಲಗಿದ ಮಗುವೂ ಅದನ್ನೇ ಉಸಿರಾಡುತ್ತದೆ.

ಇಂಥ ದೂಳನ್ನು ವರ್ಷಗಟ್ಟಲೆ ಎಳೆದುಕೊಂಡರೆ ಶ್ವಾಸನಾಳ ಊದಿಕೊಂಡು ಕಿರಿದಾಗುತ್ತದೆ. ಒಂದು ಬೀಡಿಯನ್ನೂ ಸೇದದವರಿಗೂ ಕೆಮ್ಮು, ಕಫ, ಏದುಸಿರು ಅಂಟಿಕೊಳ್ಳುತ್ತವೆ. ಕಲ್ಲು, ಮಣ್ಣಿನ ದೂಳಿನಲ್ಲಿರುವ ಸಿಲಿಕಾ ಇನ್ನೂ ಕ್ರೂರ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಗಾಯದ ಕಲೆ ಕಟ್ಟಿಸುತ್ತವೆ, ಕ್ಷಯ ತಗಲುವ ಅಪಾಯವನ್ನೂ ಹೆಚ್ಚಿಸುತ್ತವೆ. ಕಳೆದುಹೋದ ಉಸಿರನ್ನು ಮರಳಿ ಕೊಡುವ ಔಷಧಿ ಇಲ್ಲ. ಬೇಗ ಗುರುತಿಸಿ ದೂಳಿನಿಂದ ದೂರ ಇಟ್ಟರೆ ಉಳಿದದ್ದನ್ನು ಕಾಪಾಡಬಹುದು, ಅಷ್ಟೆ.

ಗುರುತಿಸುವ ದಾರಿಯನ್ನು ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ 1700ರಲ್ಲೇ ತೋರಿಸಿದ್ದ. ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಆತ ಬರೆದ ಪುಸ್ತಕದಲ್ಲಿ ಹೊಗೆಸೊಪ್ಪಿನ ಕೆಲಸಗಾರರೂ ಇದ್ದಾರೆ. ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿರೆಂದು ಆತ ವೈದ್ಯರಿಗೆ ಹೇಳಿದ: ನೀವು ಮಾಡುವ ಕೆಲಸ ಏನು?

ನಮ್ಮಲ್ಲಿ ಕಾನೂನು ಅರ್ಧ ದಾರಿಗೆ ಬಂದು ನಿಂತಿತು. 1948ರ ಕಾರ್ಖಾನೆ ಕಾಯ್ದೆ, ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್‌ನಂಥ ರೋಗಗಳನ್ನು ಪಟ್ಟಿ ಮಾಡಿ, ಅವನ್ನು ಕಂಡ ವೈದ್ಯರು ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ವರದಿ ಮಾಡಲೇಬೇಕೆಂದು ವಿಧಿಸಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವಳನ್ನೂ ನೌಕರಳೆಂದೇ ಒಪ್ಪಿಕೊಂಡಿತು. ಆದರೆ ಗಾಳಿ, ಶುಚಿತ್ವದ ನಿಯಮಗಳನ್ನು ವಿಧಿಸಿದ್ದು ಕೈಗಾರಿಕಾ ಆವರಣಗಳಿಗೆ. ಆವರಣದ ವ್ಯಾಖ್ಯೆಯಿಂದ ವಾಸದ ಮನೆಯನ್ನು ಹೊರಗಿಟ್ಟಿತು. ಅವಳು ನೌಕರಳಾದಳು, ಅವಳು ಉಸಿರಾಡುವ ಗಾಳಿ ಯಾರ ಹೊಣೆಯೂ ಆಗಲಿಲ್ಲ.

ಆದ್ದರಿಂದ ಮಂಗಳೂರಿನ ವೈದ್ಯರಲ್ಲಿ ಒಂದು ವಿನಂತಿ. ವೆನ್ಲಾಕ್ ಆಸ್ಪತ್ರೆಯಿರಲಿ, ಓಣಿಯ ಕ್ಲಿನಿಕ್ಕಿರಲಿ, ಬಹುಕಾಲದ ಕೆಮ್ಮು ಎಂದು ಬಂದವರನ್ನು ಯಾವ ಕೆಲಸ, ಎಷ್ಟು ವರ್ಷದಿಂದ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಯಿರಿ. ನಾಳೆ ಪರಿಹಾರ ಕೇಳುವಾಗ ಅವರ ಕೈಯಲ್ಲಿ ಇರುವ ಪುರಾವೆ ಬಹುಶಃ ಆ ಒಂದು ಸಾಲು ಮಾತ್ರ.