ಬಣ್ಣ ಹೊಡೆದ ಬೋಗಿ ಮತ್ತು ಶರಣಬಸವೇಶ್ವರರ ತೇರು

ಹಳೆಯ ರೈಲಿನ ಬಗ್ಗೆ ಕನ್ನಡದಲ್ಲಿ ಬರುವ ಲಲಿತ ಪ್ರಬಂಧಗಳಲ್ಲಿ ಹೊಗೆ ಇರುತ್ತದೆ, ಸೀಟಿ ಇರುತ್ತದೆ, ಕಣ್ಣಿಗೆ ಬಿದ್ದ ಕಲ್ಲಿದ್ದಲ ಕಿಡಿ ಇರುತ್ತದೆ, ಶೇಂಗಾ ಮಾರುವ ಹುಡುಗನೂ ಇರುತ್ತಾನೆ. ಬೋಗಿಯೊಳಗಿನ ದೀಪ ಹೇಗೆ ಉರಿಯುತ್ತಿತ್ತು ಎಂದು ಕೇಳಿದ ಪ್ರಬಂಧವನ್ನು ನಾನಂತೂ ಓದಿಲ್ಲ. ನನ್ನ ತಕರಾರು ಇಲ್ಲಿಂದಲೇ ಶುರು.

ಆ ದೀಪದ ಕರೆಂಟು ಎಂಜಿನ್ನಿನಿಂದ ಬರುತ್ತಿರಲಿಲ್ಲ. ಬೋಗಿಯ ಹೊಟ್ಟೆಯ ಕೆಳಗೆ ಒಂದು ಡೈನಮೊ, ಗಾಲಿಯ ಅಚ್ಚಿನಿಂದ ಅದಕ್ಕೊಂದು ಬೆಲ್ಟು. ರೈಲು ಓಡಿದಾಗ ಡೈನಮೊ ತಿರುಗಿ ದೀಪ ಉರಿಸುತ್ತಿತ್ತು, ಪೆಟ್ಟಿಗೆಯಲ್ಲಿದ್ದ ಸೀಸದ ಬ್ಯಾಟರಿಗಳನ್ನೂ ಚಾರ್ಜು ಮಾಡುತ್ತಿತ್ತು. ರೈಲು ನಿಂತಾಗ ಬ್ಯಾಟರಿಯ ಪಾಳಿ. ಇಂಥ ಬೋಗಿಯನ್ನು ನಿಲ್ಲಿಸಿಬಿಟ್ಟರೆ ಕಬ್ಬಿಣ ತುಕ್ಕು ತಿನ್ನಲು ವರ್ಷಗಳು ಬೇಕು, ಬ್ಯಾಟರಿ ಸಾಯಲು ಕೆಲವು ತಿಂಗಳು ಸಾಕು. ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತರೆ ಅದು ಮತ್ತೆ ಚಾರ್ಜು ಹಿಡಿಯುವುದಿಲ್ಲ. ತಂತಿಯ ಮೇಲಿನ ರಬ್ಬರು ಒಣಗಿ ಪುಡಿಯಾಗುತ್ತದೆ. ಹೊರಗೆ ಹೊಸ ಬಣ್ಣ ಮಿರಮಿರ ಮಿಂಚುತ್ತಿರುವುದರಿಂದ ಇದ್ಯಾವುದೂ ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಸಿಂಗಲ್ ಲೈನಿನ ಸ್ಟೇಷನ್ನುಗಳಲ್ಲಿದ್ದ ನೀಲ್ಸ್ ಬಾಲ್ ಟೋಕನ್ ಯಂತ್ರದ ಪಾಡೂ ಇದೇ. ಮುಂದಿನ ಸ್ಟೇಷನ್ ಮಾಸ್ತರರು ಒಪ್ಪಿ ಕರೆಂಟು ಕಳಿಸದ ಹೊರತು ಈಚೆಯವರಿಗೆ ಆ ಚೆಂಡು ಸಿಗದು. ಒಂದು ಚೆಂಡು ಹೊರಗಿದ್ದರೆ ಎರಡನೆಯದು ಬಾರದು. ಎದುರುಬದುರು ರೈಲುಗಳು ಒಂದೇ ಹಳಿಯ ಮೇಲೆ ಬರದಂತೆ ತಡೆದದ್ದು ಈ ಒಪ್ಪಿಗೆ. ಜೊತೆಯಿಲ್ಲದೆ ಮಾತೇ ಆಡದ ಯಂತ್ರವದು. ಅಂಥದ್ದನ್ನು ಒಂಟಿಯಾಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೆಸರುಪಟ್ಟಿ ಅಂಟಿಸಿದರೆ ಮಕ್ಕಳಿಗೆ ಏನು ತಿಳಿಯಬೇಕು?

ಮೈಸೂರಿನಲ್ಲಿ 1979ರಿಂದ ರೈಲು ಸಂಗ್ರಹಾಲಯವಿದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದಾಯಿತು. ಅವು ಬೇಡವೆಂದು ಯಾರೂ ಅನ್ನಲಾರರು. ಆದರೆ ಸಂಗ್ರಹಾಲಯಕ್ಕೆ ಪರಂಪರೆಯನ್ನು ಒಪ್ಪಿಸಿ ಕೈತೊಳೆದುಕೊಳ್ಳುವ ನಮ್ಮ ಚಾಳಿಯನ್ನು ನಾನು ಒಪ್ಪುವುದಿಲ್ಲ. ವೇಲ್ಸಿನ ಟಾಲಿಲಿನ್ ರೈಲನ್ನು ಮುಚ್ಚುವ ಹೊತ್ತಿನಲ್ಲಿ ಸ್ವಯಂಸೇವಕರು ಕೈಗೆತ್ತಿಕೊಂಡು 1951ರಿಂದ ಓಡಿಸುತ್ತ ಬಂದಿದ್ದಾರೆ. ಅದು ಅವರ ದೇಶ, ಅವರ ದುಡ್ಡು ಎನ್ನುವಿರಾದರೆ ನಮ್ಮ ಕಲಬುರಗಿಯನ್ನೇ ನೋಡೋಣ.

ಹೋಳಿಯ ಬಳಿಕ ಶರಣಬಸವೇಶ್ವರರ ತೇರು ಸಾಗುತ್ತದೆ. ಜನ ಉತ್ತತ್ತಿ, ಬಾಳೆಹಣ್ಣು ತೂರುತ್ತಾರೆ. ತೇರು ಹಳತಾಯಿತು, ಬಣ್ಣ ಹೊಡೆದು ನಿಲ್ಲಿಸೋಣ ಎಂದು ಯಾರಾದರೂ ಅಂದರೆ ಊರು ಸುಮ್ಮನಿದ್ದೀತೇ? ಗಾಲಿ ನೋಡುವವರು, ಹಗ್ಗ ನೋಡುವವರು ಇರುವುದರಿಂದಲೇ ಅದು ತೇರು. 1822ರಲ್ಲಿ ಲಿಂಗೈಕ್ಯರಾದ ಶರಣರ ದಾಸೋಹ ಇಂದಿಗೂ ನಡೆದಿರುವುದು ಒಲೆ ಆರದಿರುವುದರಿಂದ, ಒಲೆಯ ಚಿತ್ರದಿಂದಲ್ಲ. ಇದೇ ಊರಿನ ಮೇಲೆ ಹಾಯುವ ಮುಂಬಯಿ–ಮದ್ರಾಸು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು; 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ತೇರಿಗೆ ಇರುವ ನ್ಯಾಯ ಈ ರೈಲಿನ ಚರಿತ್ರೆಗೆ ಯಾಕಿಲ್ಲ?

ಗೊತ್ತು, ಎರಡು ಆಕ್ಷೇಪ ಬರುತ್ತವೆ. ಕರೆಂಟಿನ ಕೆಲಸ ಅಪಾಯದ್ದು, ಹವ್ಯಾಸಿಗಳ ಕೈಗೆ ಕೊಡಲಾಗದು ಎಂಬುದು ಮೊದಲನೆಯದು. ಕಲಿಸಿ, ಪರೀಕ್ಷೆ ಮಾಡಿ, ಬಲ್ಲವರ ಕಣ್ಣೆದುರು ಮಾಡಿಸಿ, ಅಷ್ಟೆ. ಎರಡನೆಯದು ನನಗೂ ಚುಚ್ಚುವಂಥದ್ದು: ಸೇವೆಯ ಹೆಸರಿನಲ್ಲಿ ಸಂಬಳದ ಕೆಲಸವನ್ನು ಪುಕ್ಕಟೆ ಮಾಡಿಸಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಓಡುವ ರೈಲಿನ ಒಂದು ಬಲ್ಬನ್ನೂ ಸ್ವಯಂಸೇವಕರು ಮುಟ್ಟಕೂಡದು. ಅದು ನೌಕರರ ಅನ್ನ. ನಾನು ಹೇಳುತ್ತಿರುವುದು ಲೆಕ್ಕದಿಂದ ತೆಗೆದುಹಾಕಿದ, ಗುಜರಿಗೆ ಕಾದಿರುವ ಸಾಮಾನಿನ ಬಗ್ಗೆ. ಅದನ್ನು ಬಲ್ಲವರು ರೈಲ್ವೆಯಿಂದ ನಿವೃತ್ತರಾದ ಟ್ರೈನ್ ಲೈಟಿಂಗ್ ಕೆಲಸಗಾರರು. ಡೈನಮೊದ ಸದ್ದು ಕೇಳಿಯೇ ಕಾರ್ಬನ್ ಬ್ರಷ್ ಸವೆದದ್ದನ್ನು ಹೇಳಬಲ್ಲ ಅವರನ್ನು ನಮ್ಮ ಯಾವ ಸಾಹಿತ್ಯ ಗೋಷ್ಠಿಯೂ ಕರೆದಿಲ್ಲ. ವೇದಿಕೆಯ ಮೇಲೆ ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ, ಕೈ ಕಪ್ಪಾದವರನ್ನು ಹಿಂದಿನ ಸಾಲಿನಲ್ಲೂ ಕೂರಿಸುವುದಿಲ್ಲ.

ಈ ಊರಿನಲ್ಲಿ 1958ರಿಂದ ಇಂಜಿನಿಯರಿಂಗ್ ಕಾಲೇಜಿದೆ, ಅದಕ್ಕಿರುವುದು ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರ ಹೆಸರು. ಅಲ್ಲಿನ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೆ ಒಂದು ಹಳೆಯ ಬೋಗಿ ಕೊಡಿಸಿ. ನಿವೃತ್ತರಾದ ಇಬ್ಬರನ್ನು ಗೌರವಧನ ಕೊಟ್ಟು ಗುರುಗಳಾಗಿ ಕರೆಸಿ. ಕನ್ನಡ ವಿಭಾಗದ ಮಕ್ಕಳು ಪಕ್ಕದಲ್ಲಿ ಕೂತು ಅವರ ಮಾತನ್ನು, ಉಪಕರಣಗಳಿಗೆ ಅವರಿಟ್ಟುಕೊಂಡ ಹೆಸರುಗಳನ್ನು ಬರೆದುಕೊಳ್ಳಲಿ. ಬಣ್ಣದ ಡಬ್ಬಿ ಕೊನೆಗೆ ತಂದರಾಯಿತು.