ಸ್ಥಾವರದ ಹೆಸರಿನಲ್ಲಿ ಕಾಯಕದ ನಿಂದೆ



ತಿರುಮಕೂಡಲು ನರಸೀಪುರದ ಚಿಂತನಗೋಷ್ಠಿಯೊಂದರಲ್ಲಿ ಮಾನ್ಯ ಉಪನ್ಯಾಸಕರೊಬ್ಬರು, ಕೈಯಾರೆ ಮನೆ ಕಟ್ಟಿಕೊಂಡು ಹಿಗ್ಗುವವನು ಅಳಿಯುವ ಸ್ಥಾವರಕ್ಕೆ ಮರುಳಾದವನೆಂದು ಅಪ್ಪಣೆ ಕೊಡಿಸಿದರು. ಆಧಾರವಾಗಿ ತಂದದ್ದು ಅಣ್ಣ ಬಸವಣ್ಣನವರ ಶಿವಾಲಯದ ವಚನವನ್ನು. ಈ ಮಾತನ್ನು ಒಪ್ಪಲಾಗದು.

ಆ ವಚನವನ್ನು ಮತ್ತೊಮ್ಮೆ ಓದಿ ನೋಡಬೇಕು. ಅಲ್ಲಿ ಎದುರುಬದುರಾಗಿ ನಿಂತವರು ಹಣದಿಂದ ಮಾಡಿಸುವ ಸಿರಿವಂತ ಮತ್ತು ತನ್ನ ದೇಹವನ್ನೇ ಅರ್ಪಿಸುವ ಬಡವ. ಹಾಗಾದರೆ ತಲೆಯ ಮೇಲೆ ಮಣ್ಣು ಹೊತ್ತು ಗೋಡೆಯೆಬ್ಬಿಸಿದವನು ಯಾರ ಪಕ್ಷ? ಹಗ್ಗ ಹೊಸೆದ ನುಲಿಯ ಚಂದಯ್ಯನವರ, ಬಿದಿರಿನ ಕಾಯಕದ ಮೇದಾರ ಕೇತಯ್ಯನವರ ಪರಂಪರೆಗೆ ಕೈಕೆಲಸದ ಹಿಗ್ಗು ಅನ್ಯವೇ?

ಸ್ವಾನುಭವವನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳುವೆನು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮೈಸೂರು–ನಂಜನಗೂಡು ರಸ್ತೆಯ ಮೇಲೆಯೇ ನೀರು ಹರಿದಾಗ, ನಂಜನಗೂಡು ಸೀಮೆಯ ನಮ್ಮ ಮನೆಯ ಹಿಂಬದಿಯ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಕನ್ನಡ ಎಂ.ಎ. ಓದಿದ ಈ ಕೈ ಅದುವರೆಗೆ ಕರಣೆ ಹಿಡಿದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಬೆಳೆಸಿದ, ಮಣ್ಣನ್ನು ಸುಡದೆ ಒತ್ತಿ ಇಟ್ಟಿಗೆ ಮಾಡುವ ಮಾರ್ಗವನ್ನು ಹಿಡಿದೆ. ಎರೆಮಣ್ಣು ಆಗದು, ಹಿಗ್ಗಿ ಕುಗ್ಗಿ ಬಿರಿಯುತ್ತದೆ. ಮರಳು ಬೆರೆತ ಕೆಮ್ಮಣ್ಣಿಗೆ ತುಸು ಸಿಮೆಂಟು ಕೂಡಿಸಿ, ಕೈಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರುಣಿಸಬೇಕು. ಪಾಯವನ್ನೂ ಸೂರನ್ನೂ ಬಲ್ಲ ಮೇಸ್ತ್ರಿಗೇ ಬಿಟ್ಟೆ. ಮೊದಲ ಗೋಡೆ ಎದೆಯೆತ್ತರಕ್ಕೆ ಬಂದಾಗ ಅವರು ತೂಗುಗುಂಡು ಇಳಿಬಿಟ್ಟು, “ಸೊಟ್ಟಗದೆ ಸ್ವಾಮಿ, ಬಿಚ್ಚಿ” ಎಂದರು. ಆ ದಾರದ ಮುಂದೆ ನನ್ನ ಪದವಿ ಯಾವ ಉಪಯೋಗಕ್ಕೂ ಬರಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದೆ.

ಸೂರು ಏರಿದ ಸಂಜೆ ತಾಯಿಯವರು ಅಲ್ಲಿ ದೀಪ ಹಚ್ಚಿ ಇಷ್ಟಲಿಂಗಪೂಜೆಗೆ ಕುಳಿತರು. ಆಗ ಆದ ತೃಪ್ತಿಯನ್ನು ವ್ಯಾಮೋಹವೆನ್ನುವವರು, ಹತ್ತಾರು ಕೂಲಿಕಾರರ ಬೆವರಿನ ಮೇಲೆ ದಾನಿಯ ಹೆಸರನ್ನಷ್ಟೇ ಕೆತ್ತಿಸುವ ಅಮೃತಶಿಲೆಯ ಫಲಕಗಳ ವಿಷಯದಲ್ಲಿ ಏಕೆ ಮೌನ? ನಮ್ಮ ಮಠಗಳ ಗೋಡೆಗಳೂ ಇದಕ್ಕೆ ಹೊರತಲ್ಲ. ಅಣ್ಣನವರ ವಚನ ಮೊದಲು ತಟ್ಟಬೇಕಾದುದು ಅಲ್ಲಿಗೆ.

ತೃಪ್ತಿಯು ಗರ್ವಕ್ಕೆ ತಿರುಗೀತೆಂಬ ಉಪನ್ಯಾಸಕರ ಎಚ್ಚರಿಕೆಯನ್ನು ಮಾತ್ರ ಶಿರಸಾವಹಿಸುವೆನು. ಅವರು ಒಮ್ಮೆ ನಂಜನಗೂಡಿಗೆ ದಯಮಾಡಿಸಲಿ. ಎಡಗೋಡೆಯ ಮೂರನೆಯ ಸಾಲು ಈಗಲೂ ತುಸು ಹೊರಕ್ಕೆ ಉಬ್ಬಿದೆ. ಅದನ್ನೇ ಮೊದಲು ತೋರಿಸುವೆನು.